ಸೀಮೆಎಣ್ಣೆ ವಾಸನೆಯ ಕಲ್ಲು

ನಿನ್ನೆ ದಾಂಡೇಲಿಯ ನಮ್ಮ ಮನೆಯ ಅಟ್ಟ ಗುಡಿಸುವಾಗ ಅಪ್ಪನ ಕಾಲದ ಸೀಮೆಎಣ್ಣೆ ಬಾಟಲಿಯೊಂದು ಸಿಕ್ಕಿತು. ಬಿರಡೆ ತೆಗೆದದ್ದೇ ತಡ, ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ನಾನೊಬ್ಬಳೇ ಅಟ್ಟದ ಮೇಲೆ ಕೂತು ನಗತೊಡಗಿದೆ. ಸೀಮೆಎಣ್ಣೆ ಮೂಸಿ ನಗುವವರನ್ನು ನೀವು ಕಂಡಿರಲಿಕ್ಕಿಲ್ಲ. ಕಾರಣ ಹೇಳುತ್ತೇನೆ, ಹೀಗೆ ಬಂದು ಕೂತುಕೊಳ್ಳಿ.

ಧಾರವಾಡದಲ್ಲಿ ಭೂವಿಜ್ಞಾನ ಓದುವಾಗ ಜುಲೀನಾ ನನ್ನ ಗೆಳತಿ. ಹಳಿಯಾಳದ ಬಸ್ ಸ್ಟ್ಯಾಂಡಿನಿಂದ ಇನ್ನೊಂದು ಬಸ್ಸು ಹತ್ತಿ, ಇಳಿದು ಕಾಡಂಚಿನಲ್ಲಿ ನಡೆದರೆ ಅವಳ ಊರು. ಹತ್ತಾರು ಸಿದ್ದಿ ಜನರ ಮನೆಗಳು, ಹಿಂದೆ ಒಂದು ಹಳ್ಳ. ನಾನು ಭೂವಿಜ್ಞಾನ ತೆಗೆದುಕೊಂಡದ್ದು ಬೇರೆಲ್ಲೂ ಸೀಟು ಸಿಗಲಿಲ್ಲವೆಂದು. ಅವಳಿಗೋ ಕಲ್ಲಿನ ಹುಚ್ಚು, ಅದರಲ್ಲೂ ಶೇಲ್ ಎಂಬ ಕೆಸರುಗಲ್ಲಿನ ಹುಚ್ಚು. ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕೆಸರು, ಅದರೊಳಗೆ ಹೂತುಹೋದ ಸಣ್ಣ ಜೀವಿಗಳು. ಮೇಲಿನಿಂದ ಭಾರ, ಕೆಳಗಿನಿಂದ ಕಾವು. ಹದವಾಗಿ ಬೆಂದರೆ ಎಣ್ಣೆ, ಇನ್ನಷ್ಟು ಬೆಂದರೆ ಗ್ಯಾಸ್. ಆ ಗ್ಯಾಸು ಕಣ್ಣಿಗೆ ಕಾಣದ ರಂಧ್ರಗಳಲ್ಲೇ ಸಿಕ್ಕಿಕೊಂಡಿರುತ್ತದೆ. ನೀರಿನ ಒತ್ತಡದಿಂದ ಕಲ್ಲನ್ನು ಸೀಳಿದರಷ್ಟೇ ಹೊರಗೆ ಬರುತ್ತದೆ. ಈ ಪಾಠಕ್ಕೆ ನಾವೆಲ್ಲ ತೂಕಡಿಸುತ್ತಿದ್ದೆವು, ಜುಲೀನಾ ಬೆಂಚಿನ ತುದಿಗೆ ಬಂದು ಕೂತಿದ್ದಳು.

"ಸರ, ನಮ್ಮೂರ ಹಳ್ಳದಾಗ ಇಂಥದ್ದ ಕರೀಕಲ್ಲು ಐತ್ರಿ," ಅಂದಳು.

"ನಿಮ್ಮ ಕಡೆ ಕಲ್ಲು ಭಾಳ ಹಳೇವು, ತಂಗಿ. ಗ್ಯಾಸ್ ಇದ್ದರೂ ಯಾವಾಗೋ ಹೋಗಿರ್ತೈತಿ. ಆದರೂ ತರ್ರಿ, ನೋಡೂಣು," ಅಂದರು ಮೇಷ್ಟ್ರು.

ಅವರ ಅನುಮಾನವೆಲ್ಲ ಅವಳ ಕಿವಿಗೆ ಬೀಳಲೇ ಇಲ್ಲ. "ನೋಡೂಣು" ಎಂಬುದೊಂದೇ ಬಿತ್ತು. ರಜೆಯಲ್ಲಿ ನಾನು ಮನೆಯಿಂದ ತಂದ ಸುತ್ತಿಗೆ ಹಿಡಿದು ಇಬ್ಬರೂ ಹಳ್ಳಕ್ಕಿಳಿದೆವು.

ಭೂವಿಜ್ಞಾನಿಗಳ ಚಾಳಿ ನಿಮಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಕಲ್ಲು ಒಡೆದ ತಕ್ಷಣ ಮೂಸಬೇಕು, ಒಂದು ಚೂರನ್ನು ಹಲ್ಲಿನಲ್ಲಿ ಕಡಿದು ನೋಡಬೇಕು. ಮರಳಿದ್ದರೆ ಕರಕರ, ಜೇಡಿಯಾದರೆ ನುಣ್ಣಗೆ. ದನ ಕಾಯುವವರು ದೂರದಲ್ಲಿ ನಿಂತು, ಓದಿದ ಹುಡುಗಿಯರು ಕಲ್ಲು ತಿನ್ನುವುದನ್ನು ಕಣ್ಣು ಪಿಳಿಪಿಳಿ ಮಾಡುತ್ತ ನೋಡಿದರು. ಜುಲೀನಾ ಕರಿಗಲ್ಲಿಗೆ ಸುತ್ತಿಗೆಯಿಂದ ಬಾರಿಸಿ, ಮೂಸಿ, ನನ್ನ ಮೂಗಿಗೆ ಹಿಡಿದಳು. ಅಪ್ಪಟ ಸೀಮೆಎಣ್ಣೆ! ಎಣ್ಣೆ ಇರುವ ಶೇಲ್ ಹೀಗೇ ನಾರುತ್ತದೆಂದು ಪುಸ್ತಕದಲ್ಲಿ ಓದಿದ್ದೆವು. ಅವಳು ನನ್ನ ಕೈ ಹಿಡಿದು ನೀರಿನಲ್ಲೇ ಕುಣಿದಳು. ನಾನೂ ಕುಣಿದೆ, ಆ ವಿಷಯದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ.

ಸಂಜೆ ಅಂಗಳದಲ್ಲಿ ಅವಳ ಅವ್ವ ಅಕ್ಕಿ ಹಸನು ಮಾಡುತ್ತ ಕೇಳಿದಳು: "ಗ್ಯಾಸ್ ಸಿಕ್ಕರ ಏನ್ ಮಾಡ್ತಾರ?"

"ಬೋರ್ ಹೊಡೀತಾರ ಅವ್ವ. ರೋಡ್ ಆಗ್ತೈತಿ, ಲಾರಿ ಬರ್ತಾವ."

"ನಾವೆಲ್ಲಿ ಹೋಗೂಣು?"

ಅವ್ವ ಮೊರ ಕೆಳಗಿಟ್ಟಳು. "ಡ್ಯಾಮ್ ಕಟ್ಟೂ ಮುಂದ ನಮ್ಮಪ್ಪಗೂ ಹಿಂಗ ಖುಷೀಲೆ ಹೇಳಿದ್ರು, ಲೈಟ್ ಬರ್ತೈತಿ ಅಂತ. ಲೈಟ್ ಬಂತು, ನನ್ನ ತವರೂರು ನೀರಾಗ ಹೋತು. ನಿನ್ನ ಕಲ್ಲಿನಾಗ ಏನೂ ಇರಬಾರದು ಅಂತ ಬೇಡ್ಕೋತೇನಿ. ಸಿಟ್ಟಾಗಬ್ಯಾಡ ಮಗಾ."

ಮರುದಿನ ಬೆಳಗ್ಗೆ ತಾಯಿ ಮಗಳಿಬ್ಬರೂ ಗೋಡೆಯ ಮೇಲಿನ ಒಬ್ಬಳೇ ಮೇರಿ ಮಾತೆಯ ಮುಂದೆ ಒಂದೊಂದು ಮೇಣದಬತ್ತಿ ಹಚ್ಚಿದರು. ಒಬ್ಬಳು ಗ್ಯಾಸ್ ಸಿಗಲೆಂದು, ಇನ್ನೊಬ್ಬಳು ಸಿಗದಿರಲೆಂದು. ಮಾತೆ ಪಜೀತಿಗೆ ಬಿದ್ದಿರಬೇಕು, ಪಾಪ.

ಆ ದಿನವೇ ನಮ್ಮ ಮಾನ ಹೋಯಿತು. ಎಣ್ಣೆಗಲ್ಲಿಗೂ ಬೇರೆ ಕಲ್ಲಿಗೂ ವಾಸನೆಯ ವ್ಯತ್ಯಾಸ ತೋರಿಸಲೆಂದು ಜುಲೀನಾ ಒಂದು ಬೆಣಚುಕಲ್ಲು ಒಡೆದಳು. ಬೆಳ್ಳಗಿನ ಬೆಣಚುಕಲ್ಲು, ಅದರಲ್ಲಿ ಎಣ್ಣೆಯ ಮಾತೇ ಇಲ್ಲ. ಅದೂ ಸೀಮೆಎಣ್ಣೆ ನಾರಿತು. ಇಬ್ಬರೂ ನಿಧಾನಕ್ಕೆ ಸುತ್ತಿಗೆ ನೋಡಿದೆವು. ನಮ್ಮಪ್ಪ ಕಾಗದ ಮಿಲ್ಲಿನಲ್ಲಿ ಫಿಟ್ಟರ್. ದಾಂಡೇಲಿಯ ಮಳೆಗೆ ತುಕ್ಕು ಹಿಡಿಯದಿರಲೆಂದು ಮನೆಯ ಕಬ್ಬಿಣಕ್ಕೆಲ್ಲ ಸೀಮೆಎಣ್ಣೆ ಒರೆಸುವ ಮನುಷ್ಯ. ಗೆಳತಿಯ ಊರಿಗೆ ಹೊರಟ ಮಗಳ ಸುತ್ತಿಗೆಯನ್ನು ಬಿಟ್ಟಾನೆಯೇ? ಹಿಡಿಯ ಬುಡದವರೆಗೂ ತೊಯ್ಯಿಸಿ ಕೊಟ್ಟಿದ್ದ.

ಆದರೂ ಅವಳು ಆಸೆ ಬಿಡಲಿಲ್ಲ. ಧಾರವಾಡಕ್ಕೆ ಒಯ್ದ ಕರಿಗಲ್ಲನ್ನು ಮೇಷ್ಟ್ರು ಬಿಳಿ ಕಾಗದದ ಮೇಲೆ ಎಳೆದರು. ಪೆನ್ಸಿಲಿನಂತೆ ಗೆರೆ ಮೂಡಿತು. ಕಾವು ಹೆಚ್ಚಾಗಿ ಎಲ್ಲ ಸೀದುಹೋಗಿತ್ತು, ತವೆಯ ಮೇಲೆ ಮರೆತ ರೊಟ್ಟಿಯ ಹಾಗೆ. ಗ್ಯಾಸು ಎಂದೋ ಹೋಗಿ ಉಳಿದದ್ದು ಬರೀ ಗ್ರಾಫೈಟು. ಜುಲೀನಾಳ ಕಣ್ಣು ತುಂಬಿತು. ಮೇಷ್ಟ್ರು ಮೆತ್ತಗೆ ಹೇಳಿದರು: "ಈ ಕರೇದು ಎಲ್ಲಿಂದ ಬಂತು ವಿಚಾರ ಮಾಡು. ಈ ಕಲ್ಲು ಕೆಸರಾಗಿದ್ದ ಕಾಲಕ್ಕ ಗಿಡ ಇರಲಿಲ್ಲ, ಮೀನ ಇರಲಿಲ್ಲ. ಆವಾಗ ನಿಮ್ಮ ಹಳ್ಳದ ಕೆಸರಿನಾಗ ಏನೋ ಜೀವ ಇತ್ತು."

ಅವಳು ಕಪ್ಪಾದ ತನ್ನ ಬೆರಳನ್ನು ನೋಡುತ್ತ ಕೂತಳು. ನನಗೆ ಮೈ ಜುಂ ಅಂತು. ಮುಂದಿನ ಸಲ ಊರಿಗೆ ಹೋದಾಗ, ಸುದ್ದಿ ಕೇಳಿದ ಅವ್ವ ಮಾತ್ರ ಕೋಳಿ ಕೊಯ್ದು ನಮ್ಮಿಬ್ಬರಿಗೂ ಊಟಕ್ಕೆ ಹಾಕಿದಳು. ಮಗಳು ಮುಖ ಊದಿಸಿಕೊಂಡೇ ಎರಡು ಸಲ ಸಾರು ಬಡಿಸಿಕೊಂಡಳು.

ನಾನು ಮುಂದೆ ಶಾಲೆಯ ಟೀಚರ್ ಆದೆ. ಅವಳು ಕಲ್ಲು ಬಿಡಲಿಲ್ಲ. ಈಗ ಗುಜರಾತಿನ ಕಡೆ ಗ್ಯಾಸಿನ ಬಾವಿ ಕೊರೆಯುವ ಕ್ಯಾಂಪಿನಲ್ಲಿದ್ದಾಳೆ. ನಿನ್ನೆ ಅಟ್ಟದಿಂದಲೇ ಫೋನ್ ಮಾಡಿದೆ. "ತಡಿ ತಡಿ, ಈಗಷ್ಟ ಆಳದ ಶೇಲ್ ಮ್ಯಾಲೆ ಬಂದೈತಿ, ಅವ್ವನ್ನೂ ಲೈನಿಗೆ ಹಾಕ್ತೇನಿ," ಅಂದಳು. ಕಲ್ಲನ್ನು ನೀರಿನ ತೊಟ್ಟಿಗಿಟ್ಟು ಫೋನನ್ನು ಹತ್ತಿರ ಹಿಡಿದಳು. ಸಣ್ಣಗೆ ಬುಳುಬುಳು ಸದ್ದು. ಕೋಟ್ಯಂತರ ವರ್ಷ ಕಲ್ಲಿನಲ್ಲಿ ಸಿಕ್ಕಿಕೊಂಡಿದ್ದ ಗ್ಯಾಸು, ಮೇಲಿನ ಭಾರ ಕಳಚಿದ್ದರಿಂದ ತುಸುತುಸುವೇ ಬಿಡಿಸಿಕೊಂಡು, ಗುಳ್ಳೆಗುಳ್ಳೆಯಾಗಿ ಏಳುತ್ತಿತ್ತು. ನಾನು ಶಾಲೆಯ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ.

"ಕೇಳಸ್ತೇನವ್ವ?"

"ಕೇಳಸ್ತು ಮಗಾ. ಚೊಲೋ ಆತು, ನೀ ಹುಡುಕಿದ್ದು ಸಿಕ್ತು," ಅಂದಳು ಅವ್ವ. ಖುಷಿಯಿಂದಲೇ ಅಂದಳು. ಆಮೇಲೆ ಕೇಳಿದಳು: "ಅದರ ಮ್ಯಾಲೆ ಯಾರ ಮನಿ ಅದಾವು?"

ನನ್ನ ಕೈ ಅಲ್ಲೇ ನಿಂತಿತು.

"ನಾಕಾರು ಮನಿ ಕಾಣಸ್ತಾವ ಅವ್ವ. ಯಾರವು ಅಂತ ಕೇಳಿಲ್ಲ. ಹೋಗಿ ಮಾತಾಡ್ಸಿ ಬರ್ತೇನಿ."

ಫೋನನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟು ಹೋದಳು. ಅವಳು ಬರುವ ತನಕ ನಾನೂ ಅವ್ವನೂ ಆ ಸದ್ದು ಕೇಳುತ್ತ ಕಾದೆವು.