ಕಾಂತಮ್ಮನವರ ಎಡಗಡೆಯ ಟೂಲ್‌ಬಾರ್

ಕಾಂತಮ್ಮನವರನ್ನು ಕೆಲಸಕ್ಕೆ ಬಾರದವರನ್ನಾಗಿ ಮಾಡಿದ್ದು ಅವರ ವಯಸ್ಸಲ್ಲ, ಅವರ ಕೈಯೂ ಅಲ್ಲ. ನಮ್ಮ ವಿದ್ಯಾಸಂಸ್ಥೆಯ ಆಡಳಿತಾಧಿಕಾರಿಗಳು. ಅವರು ಬರೆದ ಷರಾವನ್ನು ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿದ ಆಡಳಿತ ಮಂಡಳಿಯೂ ಇದಕ್ಕೆ ಹೊಣೆ. ಆ ಅನ್ಯಾಯವನ್ನು ಕೈಯಾರೆ ಮಾಡಿಕೊಟ್ಟವಳು ನಾನು. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳಬೇಕಾದವಳೂ ನಾನೇ.

೨೦೦೨ರಲ್ಲಿ, ವಿಶ್ವವಿದ್ಯಾಲಯದಿಂದ ಹೊರಬಂದ ವರ್ಷವೇ, ಚಾಮರಾಜಪೇಟೆಯ ಈ ಸಂಸ್ಥೆಯ ಪ್ರಶ್ನೆಪತ್ರಿಕೆ ವಿಭಾಗದಲ್ಲಿ ತಾಂತ್ರಿಕ ಸಹಾಯಕಿಯಾಗಿ ಸೇರಿದೆ. ನನ್ನದನ್ನು ಬಿಟ್ಟು ಆರು ಕಂಪ್ಯೂಟರ್, ಆರು ಜನ ಬೆರಳಚ್ಚುಗಾರರು, ಎಲ್ಲರೂ ಗುತ್ತಿಗೆಯವರು. ಅವರಲ್ಲಿ ಹಿರಿಯರು ಕಾಂತಮ್ಮ. ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿ ಅವರ ಬಲಗೈಯ ಕೊನೆಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಆದರೂ ಗಣಿತ, ವಿಜ್ಞಾನದ ಪತ್ರಿಕೆಗಳೆಲ್ಲ ಅವರ ಮೇಜಿಗೇ ಹೋಗುತ್ತಿದ್ದವು. ಅವರಷ್ಟು ಬೇಗ, ಅವರಷ್ಟು ತಪ್ಪಿಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ.

ಇದು ಹೇಗೆ ಸಾಧ್ಯವಾಯಿತೆಂಬುದು ಅವರ ಪರದೆಯಲ್ಲಿತ್ತು. ವರ್ಡ್ ಪ್ರೊಸೆಸಿಂಗ್ ತಂತ್ರಾಂಶದಲ್ಲಿ ಸಾಲಾಗಿ ಕಾಣುವ ಚಿತ್ರದ ಗುಂಡಿಗಳ ಪಟ್ಟಿಯೇ ಟೂಲ್‌ಬಾರ್. ಅದು ಮೇಲ್ಗಡೆ ಅಡ್ಡಲಾಗಿ ಇರುವುದು ವಾಡಿಕೆ. ಬೇಡದ ಗುಂಡಿಯನ್ನು ತೆಗೆಯಬಹುದು, ಬೇಕಾದದ್ದನ್ನು ಎಳೆದು ತಂದು ಸೇರಿಸಬಹುದು ಎಂಬುದು ಬಹಳ ಜನಕ್ಕೆ ತಿಳಿಯದು. ಕಾಂತಮ್ಮ ಇಡೀ ಪಟ್ಟಿಯನ್ನು ಎಡ ಅಂಚಿಗೆ ಉದ್ದಕ್ಕೆ ನಿಲ್ಲಿಸಿ, ಗುಂಡಿಗಳನ್ನು ದೊಡ್ಡದು ಮಾಡಿ, ಮೌಸನ್ನು ಎಡಗೈಗೆ ತಂದುಕೊಂಡಿದ್ದರು. ಕನ್ನಡ ಅಕ್ಷರಕ್ಕೆ ಒಂದು ಗುಂಡಿ, ಇಂಗ್ಲಿಷಿಗೆ ಒಂದು; ಘಾತಾಂಕ, ವರ್ಗಮೂಲ, ಭಿನ್ನರಾಶಿ, ಒಂದೊಂದಕ್ಕೂ ಒಂದು.

"ಇದೇನ್ ಮೇಡಂ, ಟೂಲ್‌ಬಾರ್ ಪಕ್ಕಕ್ಕೆ ಬಂದ್ಬಿಟ್ಟಿದೆ?" ಎಂದು ಮೊದಲ ವಾರ ಕೇಳಿದ್ದೆ.

"ಅದಾಗೇ ಬಂದಿಲ್ಲ ಕಣಮ್ಮ, ನಾನೇ ಕರ್ಕೊಂಡ್ ಬಂದಿದೀನಿ. ನಿಮ್ಮನೇಲಿ ಸಾಸಿವೆ ಡಬ್ಬಿ ಎಲ್ಲಿಡ್ಬೇಕು ಅಂತ ಡಬ್ಬಿ ಮಾರಿದೋನು ಹೇಳ್ತಾನಾ?"

ಮರುವರ್ಷ ಫೆಬ್ರವರಿಯಲ್ಲಿ ಆಡಳಿತಾಧಿಕಾರಿಗಳು ಮಂಡಳಿಯ ಇಬ್ಬರು ಸದಸ್ಯರನ್ನು ವಿಭಾಗ ತೋರಿಸಲು ಕರೆತಂದರು. ಊಟದ ಹೊತ್ತು, ಕಾಂತಮ್ಮನವರ ಕುರ್ಚಿ ಖಾಲಿ ಇತ್ತು. ಆಡಳಿತಾಧಿಕಾರಿಗಳು ಅಲ್ಲಿಯೇ ಕುಳಿತು, ಒಂದು ಪುಟ ಮುದ್ರಿಸಿ ತೋರಿಸುತ್ತೇನೆಂದರು. ಮುದ್ರಣದ ಗುಂಡಿ ಅವರಿಗೆ ಸಿಗಲಿಲ್ಲ. ಪರದೆಯ ಮೇಲಂಚನ್ನೆಲ್ಲ ಮೌಸಿನಿಂದ ತಡಕಿದರು, ಕನ್ನಡಕ ಬದಲಿಸಿದರು. ಪಕ್ಕದ ಮೇಜಿನ ನಾಗರಾಜ ಸುಮ್ಮನಿರಲಾರದೆ ಹೇಳಿದ: "ಸಾರ್, ಅದು ಕಾಂತಮ್ಮನವರ ಅಡುಗೆಮನೆ. ಅವರಿಲ್ದೆ ನಮ್ಗೆ ಒಂದ್ಲೋಟ ನೀರೂ ಸಿಗಲ್ಲ."

ಸದಸ್ಯರು ನಕ್ಕರು. ಆಡಳಿತಾಧಿಕಾರಿಗಳು ನಗಲಿಲ್ಲ.

ಎರಡೇ ದಿನಕ್ಕೆ ಸುತ್ತೋಲೆ ಬಂತು: ಎಲ್ಲ ಕಂಪ್ಯೂಟರ್‌ಗಳ ಪರದೆಯೂ ಒಂದೇ ರೀತಿ ಇರತಕ್ಕದ್ದು. ಶನಿವಾರ ಮಧ್ಯಾಹ್ನ ಎಲ್ಲರೂ ಹೊರಟ ಮೇಲೆ ಅದನ್ನು ಜಾರಿಗೆ ತಂದವಳು ನಾನು. ಟೂಲ್‌ಬಾರಿನಲ್ಲಿ ಮಾಡಿಕೊಂಡ ಬದಲಾವಣೆಗಳೆಲ್ಲ ಆಯಾ ಯಂತ್ರದ ಟೆಂಪ್ಲೇಟ್ ಎಂಬ ಒಂದೇ ಫೈಲಿನಲ್ಲಿರುತ್ತವೆ. ನನ್ನ ಯಂತ್ರದ ಫೈಲನ್ನು ಫ್ಲಾಪಿಗೆ ಹಾಕಿ, ಆರೂ ಯಂತ್ರಗಳಲ್ಲಿದ್ದ ಹಳೆಯ ಫೈಲಿನ ಮೇಲೆ ನಕಲು ಮಾಡಿದೆ. ಹಳೆಯದರ ಪ್ರತಿ ತೆಗೆದಿಡಲಿಲ್ಲ. ಕಾಲು ಗಂಟೆಯಲ್ಲಿ ಮುಗಿಸಿದೆನೆಂಬ ಹೆಮ್ಮೆ ಬೇರೆ. ಸೋಮವಾರ ಬೆಳಿಗ್ಗೆ ಗುತ್ತಿಗೆಯವರನ್ನು ಖಾಯಂ ಮಾಡುವ ಪರೀಕ್ಷೆಯಿದೆಯೆಂದು ನನಗೆ ಗೊತ್ತಿತ್ತು. ಆ ಎರಡು ಸಂಗತಿಗಳನ್ನು ಜೋಡಿಸಿ ನೋಡುವಷ್ಟು ವ್ಯವಧಾನ ನನಗಿರಲಿಲ್ಲ.

ಸೋಮವಾರ ಕಾಂತಮ್ಮ ಹೂ ಮುಡಿದು, ಎಂದಿಗಿಂತ ಮೊದಲೇ ಬಂದರು. ಯಂತ್ರ ಶುರುವಾಯಿತು. ಅವರ ಎಡಗೈ ಪರದೆಯ ಎಡ ಅಂಚಿಗೆ ಮೌಸನ್ನು ಒಯ್ದು ಅಲ್ಲೇ ನಿಂತಿತು.

"ನನ್ನ ಸಾಮಾನೆಲ್ಲ ಎಲ್ಲಮ್ಮ?"

ಹತ್ತು ನಿಮಿಷ ಕೊಡಿ, ಮತ್ತೆ ಜೋಡಿಸಿಕೊಡುತ್ತೇನೆ ಎಂದು ಆಡಳಿತಾಧಿಕಾರಿಗಳನ್ನು ಬೇಡಿದೆ. "ಪರೀಕ್ಷೆ ಮುಗೀಲಿ. ಅಲಂಕಾರ ಎಲ್ಲ ಆಮೇಲೆ ಮಾಡ್ಕೊಳ್ಳಿ," ಎಂದು ಗಡಿಯಾರ ನೋಡಿದರು.

ಕೊಟ್ಟದ್ದು ಮೂರು ಪುಟದ ವಿಜ್ಞಾನ ಪತ್ರಿಕೆ, ಒಂದು ಗಂಟೆಯ ಸಮಯ. ಒಂದು ಪುಟ್ಟ ಘಾತಾಂಕವನ್ನು ಮೇಲಕ್ಕೇರಿಸಲು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು; ಆ ಬೆರಳುಗಳಿಂದ ಅದು ಆಗದು. ಇಲ್ಲವೇ ಮೆನು ತೆರೆದು, ಒಳಗಿನ ಕಿಟಕಿ ತೆರೆದು, ಗುರುತು ಹಾಕಿ, ಮುಚ್ಚಬೇಕು. ಮುಂದಿನ ಅಕ್ಷರಕ್ಕೆ ಮತ್ತೆ ಅಷ್ಟನ್ನೂ ಹಿಂದಕ್ಕೆ ಮಾಡಬೇಕು. ನಾನು ಬಾಗಿಲಿಗೂ ಕಿಟಕಿಗೂ ನಡುವೆ ಸುತ್ತುತ್ತಲೇ ಇದ್ದೆ. ಗಂಟೆ ಮುಗಿದಾಗ ಕಾಂತಮ್ಮ ಎರಡನೆಯ ಪುಟದ ನಡುವಿನಲ್ಲಿದ್ದರು. ಉಳಿದ ಐವರೂ ಖಾಯಮಾದರು. ಕಾಂತಮ್ಮನವರ ಹೆಸರಿನ ಮುಂದೆ ಬರೆದ ಷರಾ: "ಕಂಪ್ಯೂಟರ್ ಬಳಕೆಯಲ್ಲಿ ಅಸಮರ್ಥರು." ಮಾರ್ಚ್ ಕೊನೆಗೆ ಅವರ ಗುತ್ತಿಗೆ ಮುಗಿಯುತ್ತದೆ, ಈ ಷರಾ ಇರುವವರೆಗೆ ಅದು ಮುಂದುವರಿಯದು.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಾಂಧಿ ಬಜಾರಿನ ಉದ್ದಕ್ಕೂ ಎರಡು ಸಂಜೆ ಸುಮ್ಮನೆ ನಡೆದೆ. ಮೂರನೆಯ ಸಂಜೆ ವಿಶ್ವೇಶ್ವರಪುರಂನ ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಹೋದವಳು ಬಾಗಿಲಲ್ಲೇ ಅತ್ತುಬಿಟ್ಟೆ.

"ಅಳ್ಬೇಡ. ಅಳಿಸೋಕೆ ಮುಂಚೆ ಒಂದ್ಮಾತು ಕೇಳ್ಬೇಕಿತ್ತು, ಅಷ್ಟೇ," ಎಂದರು. "ಕಾಫಿ ಕುಡಿ. ಆಮೇಲೆ ಬರ್ಕೋ."

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನಾನು ಬರೆದುಕೊಳ್ಳುತ್ತಿದ್ದಂತೆ, ಅವರು ಕಣ್ಣು ಮುಚ್ಚಿ, ಎಡಗೈಯನ್ನು ಮೇಲಿಂದ ಕೆಳಗೆ ಆಡಿಸುತ್ತ ಇಪ್ಪತ್ತೆರಡು ಗುಂಡಿಗಳನ್ನೂ ಕ್ರಮವಾಗಿ ಹೇಳಿದರು. ಒಂದನ್ನೂ ತಡವರಿಸಲಿಲ್ಲ. ಮರುದಿನ ಅದರಂತೆ ಜೋಡಿಸಿ, ಅದೇ ಮೂರು ಪುಟ ಕೊಟ್ಟೆ. ಐವತ್ತು ನಿಮಿಷದಲ್ಲಿ ಮುಗಿಸಿ, "ಸಮಯ ಉಳೀತು, ಇನ್ನೇನಾದ್ರೂ ಇದ್ಯಾ?" ಎಂದರು.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಇನ್ನೊಬ್ಬರ ಪರದೆ ನಮಗೆ ಅಸ್ತವ್ಯಸ್ತವಾಗಿ ಕಂಡರೆ, ಅದನ್ನು ಸರಿಪಡಿಸುವ ಮೊದಲು ಅದು ಯಾರ ಕೈಗೆ ಹೊಂದಿಕೊಂಡಿದೆಯೆಂದು ವಿಚಾರಿಸಬೇಕು. ನಾನು ವಿಚಾರಿಸಲಿಲ್ಲ. ಆ ತಪ್ಪನ್ನು ಈ ಬರಹದ ಮೂಲಕ ಒಪ್ಪಿಕೊಂಡಿದ್ದೇನೆ. ಅದಕ್ಕೆ ತಕ್ಕ ಕ್ರಮಕ್ಕೂ ಸಿದ್ಧಳಿದ್ದೇನೆ.

ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ: ಆ ಷರಾವನ್ನು ಕಡತದಿಂದ ತೆಗೆದುಹಾಕಬೇಕು. ಮಾರ್ಚ್ ಮುಗಿಯುವ ಮುನ್ನ ಕಾಂತಮ್ಮನವರಿಗೆ ಅವರದೇ ಪರದೆಯಲ್ಲಿ ಮರುಪರೀಕ್ಷೆ ನಡೆಸಬೇಕು. ಪರೀಕ್ಷೆಯ ಹಿಂದಿನ ದಿನಗಳಲ್ಲೇ ಸುತ್ತೋಲೆ ಹೊರಡಿಸಲು ಕಾರಣವೇನೆಂದು ಆಡಳಿತಾಧಿಕಾರಿಗಳಿಂದ ಲಿಖಿತ ಉತ್ತರ ಪಡೆದು ನಮಗೆ ತಿಳಿಸಬೇಕು. ಕಾಂತಮ್ಮನವರ ಟೆಂಪ್ಲೇಟ್ ಇರುವ ಫ್ಲಾಪಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಆಡಳಿತಾಧಿಕಾರಿಗಳು ತಮ್ಮ ಉತ್ತರವನ್ನು ಆ ಪರದೆಯಲ್ಲೇ ಸಿದ್ಧಪಡಿಸಬೇಕೆಂದು ಕೋರುತ್ತೇನೆ. ಮುದ್ರಣದ ಗುಂಡಿ ಎಡಗಡೆ, ಮೇಲಿನಿಂದ ಮೂರನೆಯದು.