ಅಣ್ಣನ ಬಂಡಿ ಮತ್ತು ಹಾಳೆಯ ಪ್ಯಾಕಿಂಗ್

ಮೊನ್ನೆ ಮೆಲ್ಕಾರಿನಲ್ಲಿ ಬಿ.ಸಿ. ರೋಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಗ್ಯಾರೇಜಿನಲ್ಲಿ ಯಾರೋ ಬೈಕೊಂದನ್ನು ಸ್ಟಾರ್ಟ್ ಮಾಡಿ ರೇಸ್ ಮಾಡಿದರು. ಸದ್ದು ಏರಿತು, ಇನ್ನೂ ಏರಿತು. ನೋಡಿದರೆ ನಾನು ಅಂಗಡಿಯ ಕಂಬವನ್ನು ಅಪ್ಪಿಕೊಂಡು ನಿಂತಿದ್ದೇನೆ. ಹತ್ತಿರವಿದ್ದ ಹೆಂಗಸೊಬ್ಬರು, "ಎಂತ ಆಯ್ತು, ತಲೆ ತಿರುಗ್ತದಾ?" ಎಂದು ಕೇಳಿದರು. ಹೌದೆಂದೆ. ನಿಜ ಹೇಳಲು ಹೊರಟರೆ ಅವರ ಬಸ್ಸು ತಪ್ಪುತ್ತಿತ್ತು. ನಿಮಗೆ ಅವಸರವಿಲ್ಲದಿದ್ದರೆ ಹೇಳುತ್ತೇನೆ.

ಬೆಳ್ತಂಗಡಿಯ ಕಡೆ ಗುಡ್ಡದ ಬುಡದಲ್ಲಿ ನನ್ನ ಅಣ್ಣನ ಮನೆ. ಗುಡ್ಡದ ಮೇಲೆ ಅವನ ರಬ್ಬರು ತೋಟ. ಗಲ್ಫಿನಲ್ಲಿ ಕೆಲಸಕ್ಕಿದ್ದಾಗ ಬಿದ್ದು ಅವನ ಬಲಗಾಲು ಮುರಿದಿತ್ತು. ಈಗ ಅದು ಮಡಚುವುದಿಲ್ಲ. ಹಾಗಾಗಿ ಊರಿಗೆ ಬಂದವನಿಗೆ ತಾನೇ ನೆಟ್ಟ ಮರಗಳನ್ನು ಅಂಗಳದಿಂದಲೇ ನೋಡುವ ಗತಿ ಬಂತು. ಯಾರಾದರೂ ಕೈಹಿಡಿದು ಹತ್ತಿಸುತ್ತೇವೆಂದರೆ ಸಿಡಿಯುತ್ತಿದ್ದ. "ಹೊತ್ತುಕೊಂಡು ಹೋಗ್ಲಿಕ್ಕೆ ನಾನೇನು ಅಕ್ಕಿ ಮುಡಿಯಾ?"

ಒಂದು ದಿನ ಪಿಕಪ್ಪಿನಲ್ಲಿ ವಿಚಿತ್ರವಾದ ಬಂಡಿಯೊಂದು ಬಂದಿಳಿಯಿತು. ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲು, ಎಂಥ ಕಲ್ಲು ದಾರಿಯನ್ನೂ ಹತ್ತುತ್ತದಂತೆ. ಕಡಲತೀರದಲ್ಲಿ ಪ್ರವಾಸಿಗರನ್ನು ಸುತ್ತಿಸಿ ಸುತ್ತಿಸಿ ಅದರ ಎಂಜಿನ್ನು ಮರಳು ತಿಂದು ಕೆಟ್ಟಿತ್ತು. ಅಣ್ಣ ಅದನ್ನು ಜಗಲಿಯಲ್ಲಿ ಪೂರ್ತಿ ಬಿಚ್ಚಿಹಾಕಿ, ಹೊಸ ಪಿಸ್ಟನ್ ತರಿಸಿ, ತಾನೇ ಜೋಡಿಸಿದ. ನಾನೋ ಮೂಡುಬಿದಿರೆಯಲ್ಲಿ ಛತ್ರಿ, ಬ್ಯಾಗು ಮಾರುವವ. ಸಿಕ್ಕಿಕೊಂಡ ಝಿಪ್ಪು ಬಿಡಿಸಬಲ್ಲೆ. ಅದಕ್ಕಿಂತ ದೊಡ್ಡ ಯಂತ್ರದ ಪರಿಚಯ ನನಗಿಲ್ಲ. ಆದರೂ ಭಾನುವಾರಗಳಲ್ಲಿ ಹೋಗಿ ಸ್ಪ್ಯಾನರ್ ಕೊಡುವ ಕೆಲಸ ಮಾಡುತ್ತಿದ್ದೆ, ಕೇಳಿದ್ದನ್ನು ಬಿಟ್ಟು ಬೇರೆಲ್ಲವನ್ನೂ ಕೊಡುತ್ತಿದ್ದೆ.

ಕೊನೆಗೆ ಉಳಿದದ್ದು ಕಾರ್ಬೊರೇಟರಿನ ಟ್ಯೂನಿಂಗ್. ಪೆಟ್ರೋಲು ಎಷ್ಟು, ಗಾಳಿ ಎಷ್ಟು ಎಂದು ಸಣ್ಣ ಸ್ಕ್ರೂ ತಿರುಗಿಸಿ ಹದ ಮಾಡುವ ಕೆಲಸ. ಅಣ್ಣ ನನಗೆ ಪಾಠ ಮಾಡಿದ. "ನೋಡು, ಈ ತೂತು ಎಂಜಿನ್ನಿನ ಮೂಗು. ಇಲ್ಲಿಂದ ಉಸಿರು ಎಳೆಯುತ್ತದೆ. ಇದನ್ನು ಮುಚ್ಚಿದರೆ ಎಂಜಿನ್ ಸತ್ತಿತು." ನಾನು ತಲೆಯಾಡಿಸಿದೆ. ಅತ್ತಿಗೆ ಬಾಗಿಲ ಬಳಿ ಕೂತು ಬಸಳೆ ಬಿಡಿಸುತ್ತಿದ್ದಳು. ಆಕೆಗೆ ಯಾರೂ ಏನನ್ನೂ ವಿವರಿಸಲಿಲ್ಲ. ಬಂಡಿಯ ಹತ್ತಿರ ಬಂದರೆ, "ಸೆರಗು ಸಿಕ್ಕಿಕೊಳ್ತದೆ, ಆಚೆ ಹೋಗು" ಎನ್ನುತ್ತಿದ್ದ ಅಣ್ಣ.

ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಗಾಳಿ ನುಸುಳದ ಹಾಗೆ ಒಂದು ತೆಳ್ಳನೆಯ ಪ್ಯಾಕಿಂಗ್ ಇರುತ್ತದೆ. ಹಳೆಯದು ಬಿಚ್ಚುವಾಗ ಹರಿದಿತ್ತು, ಹೊಸದು ಎಲ್ಲೂ ಸಿಗಲಿಲ್ಲ. ಅಣ್ಣ ಹಿತ್ತಲಿಗೆ ಹೋಗಿ ಅಡಿಕೆ ಹಾಳೆಯೊಂದನ್ನು ತಂದ. ನಮ್ಮ ಕಡೆ ಹಾಳೆಯಿಂದ ಏನು ಆಗುವುದಿಲ್ಲ ಹೇಳಿ! ತಲೆಗೆ ಮುಟ್ಟಾಳೆ, ಊಟಕ್ಕೆ ತಟ್ಟೆ, ಮಗುವನ್ನು ಮೀಯಿಸಲು ಹಾಸು, ಸೆಕೆಗೆ ಬೀಸಣಿಗೆ. ಆ ಹಾಳೆಯ ತೆಳು ಪದರವನ್ನು ಅವನು ಬ್ಲೇಡಿನಿಂದ ಅಚ್ಚುಕಟ್ಟಾಗಿ ಕತ್ತರಿಸಿದ.

"ಇದು ನಿಲ್ತದಾ?" ಎಂದೆ.

"ಹಾಳೆಯಲ್ಲಿ ಗಂಜಿ ಹಾಕಿದ್ರೆ ಸೋರ್ತದಾ ಮಾರಾಯ? ಮತ್ತೆ ಗಾಳಿ ಹೇಗೆ ಹೋಗ್ತದೆ?"

ಎಂಥ ತರ್ಕ! ನಾನು ಮನಸಾರೆ ಮೆಚ್ಚಿದೆ. ಕಾದ ಎಂಜಿನ್ನಿನಷ್ಟು ಬಿಸಿ ಗಂಜಿಗಿರುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಅಂಗಳಕ್ಕಿಳಿಸಿದ ಬಂಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ವಯರನ್ನು ನಾಳೆ ಜೋಡಿಸಿದರಾಯಿತೆಂದು ಬಿಟ್ಟಿದ್ದ. ಅಣ್ಣ ಸೀಟಿನ ಮೇಲೆ ಕೂತು, ಬಾಗಿ ಸ್ಕ್ರೂ ತಿರುಗಿಸುತ್ತಾ ಕಿವಿಗೊಟ್ಟ. ಸದ್ದು ನಯವಾಯಿತು. ಅವನ ಮುಖದಲ್ಲಿ ಗುಡ್ಡ ಹತ್ತಿಬಿಟ್ಟ ಸಂತೋಷ. ಎಳೆತ ನೋಡುವ ಎಂದು ಚಕ್ರದ ಮುಂದೆ ಕಲ್ಲು ಇಡಿಸಿ ಗೇರು ಹಾಕಿದ.

ಆಗ ಹಾಳೆ ಬಿಸಿಗೆ ಸುರುಟಿತು. ಸಂದಿನಿಂದ ಗಾಳಿ ನುಗ್ಗಿ ಎಂಜಿನ್ ಕಿರುಚತೊಡಗಿತು. ಅಣ್ಣ ಎಕ್ಸಲರೇಟರ್ ಬಿಟ್ಟರೂ ಇಳಿಯಲಿಲ್ಲ. ಬ್ರೇಕು ಹಿಡಿದರೂ ಬಂಡಿ ಕಲ್ಲನ್ನು ನೂಕುತ್ತಾ ಅಂಗಳದ ಅಂಚಿಗೆ ಸರಿಯಿತು. ಅಂಚಿನಾಚೆ ಎತ್ತರದ ಬರೆ, ಗೋಡೆಯ ಹಾಗೆ ಕಡಿದ ಮಣ್ಣು, ಕೆಳಗೆ ರಸ್ತೆ. ಹಾರಿಬಿಡೋಣವೆಂದರೆ ಆ ಕಾಲು ಸೀಟು ದಾಟುವುದಿಲ್ಲ. "ಪೆಟ್ರೋಲ್ ಬಂದ್ ಮಾಡು!" ಎಂದು ಕೂಗಿದ. ನಾನು ಮಾಡಿದೆ. ಕಾರ್ಬೊರೇಟರಿನ ಒಳಗೆ ತುಂಬಿದ್ದ ಪೆಟ್ರೋಲು ಮುಗಿಯಬೇಕಲ್ಲ! ಸದ್ದು ಇನ್ನೂ ಏರಿತು. ಹೇಳಲು ನಾಚಿಕೆಯಾಗುತ್ತದೆ, ನಾನು ಕಣ್ಣು ಮುಚ್ಚಿಕೊಂಡೆ.

ಸದ್ದು ಥಟ್ಟನೆ ನಿಂತಿತು. ಕಣ್ಣು ತೆರೆದರೆ ಅತ್ತಿಗೆ ಬಂಡಿಯ ಪಕ್ಕ ಮಂಡಿಯೂರಿದ್ದಾಳೆ. ಅವಳ ಬಲ ಅಂಗೈ ಎಂಜಿನ್ನಿನ ಮೂಗನ್ನು ಒತ್ತಿ ಹಿಡಿದಿದೆ. ಮುಂದಿನ ಚಕ್ರಕ್ಕೂ ಬರೆಯ ಅಂಚಿಗೂ ನಡುವೆ ಒಂದು ತೆಂಗಿನಕಾಯಿ ಇಡುವಷ್ಟೂ ಜಾಗವಿರಲಿಲ್ಲ. ಅವಳು ಕೈ ಕಿತ್ತಾಗ ಅಂಗೈಯಲ್ಲಿ ಕೆಂಪಗೆ ದುಂಡನೆಯ ಗುರುತು ಎದ್ದಿತ್ತು.

ಅವಳು ಗಂಡನನ್ನು ನೋಡಿ ಹೇಳಿದಳು. "ಬಂಡಿ ಹೋದ್ರೆ ಹೋಗ್ಲಿ. ನೀವು ಹೋದ್ರೆ ನಾನು ಯಾರಿಗೆ ಬೈಯುದು?"

ಅಣ್ಣ ಅತ್ತ. ಆಸ್ಪತ್ರೆಯಲ್ಲೂ ಅಳದವನು ಆ ಬಂಡಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ನನಗೆ ಎಂಜಿನ್ನಿಗಿಂತ ಅದೇ ದೊಡ್ಡ ಆಘಾತ.

ಆಮೇಲೆ ಸರಿಯಾದ ಪ್ಯಾಕಿಂಗ್ ಬಂತು, ಸ್ವಿಚ್ಚಿಗೆ ವಯರು ಕೂಡಿತು, ಟ್ಯೂನಿಂಗೂ ಆಯಿತು. ಆದರೆ ಅಣ್ಣ ಮಾತ್ರ ಬಂಡಿ ಏರಲಿಲ್ಲ. ಹ್ಯಾಂಡಲು ಮುಟ್ಟಿ ಹಿಂದೆ ಸರಿಯುತ್ತಿದ್ದನಂತೆ. ಕೊನೆಗೆ ಅತ್ತಿಗೆಯ ಫೋನು ಬಂತು. "ಇವ್ರು ರಬ್ಬರನ್ನು ಬೇರೆಯವರಿಗೆ ವಹಿಸಿ ಕೊಡ್ತಾರಂತೆ. ನೀನಾದ್ರೂ ಬಂದು ಹೇಳು." ಮೊನ್ನೆ ಮೆಲ್ಕಾರಿನಿಂದ ಬಿ.ಸಿ. ರೋಡಿನ ಮೇಲಾಗಿ ನಾನು ಹೊರಟದ್ದು ಅಲ್ಲಿಗೇ. ಬಸ್ಸಿನುದ್ದಕ್ಕೂ ಧೈರ್ಯದ ಮಾತುಗಳನ್ನು ಜೋಡಿಸಿಕೊಂಡೆ. ಕಂಬ ಅಪ್ಪಿಕೊಂಡವನು ಧೈರ್ಯ ಹೇಳಲು ಹೊರಟಿದ್ದೆ!

ಅಂಗಳದಲ್ಲಿ ಯಾರೂ ಇರಲಿಲ್ಲ. ಗುಡ್ಡದ ದಾರಿಯಲ್ಲಿ ಎಂಜಿನ್ನಿನ ಸದ್ದು ಕೇಳಿ ಓಡಿದೆ. ಕಂಡದ್ದನ್ನು ನಂಬಲಾಗಲಿಲ್ಲ. ನೈಟಿಯ ಮೇಲೆ ಅಣ್ಣನ ಹಳೆಯ ಅಂಗಿ ತೊಟ್ಟು, ತಲೆಗೆ ಬೈರಾಸು ಸುತ್ತಿ, ಅತ್ತಿಗೆ ಬಂಡಿ ಓಡಿಸುತ್ತಿದ್ದಳು. ಹಿಂದೆ ಅಣ್ಣ, ಮಡಚದ ಕಾಲನ್ನು ಹೊರಗೆ ಚಾಚಿ.

"ನಿಲ್ಲಿಸಿದ್ರೆ ಪುನಃ ಹತ್ತುದಿಲ್ಲ!" ಎಂದು ಅವಳು ನನ್ನತ್ತ ಕೂಗಿದಳು. "ಚಾ ಉಂಟು, ಬಿಸಿ ಮಾಡಿ ಕುಡಿ!"

ಅಣ್ಣನಿಗೆ ನಾಚಿಕೆಯಾದೀತೆಂದು ನಾನು ಮುಖ ತಿರುಗಿಸುವುದರಲ್ಲಿದ್ದೆ. ಅವನೇ ಕೂಗಿದ. "ಕೇಳಿದಿಯಾ ಟ್ಯೂನಿಂಗ್? ಒಂದು ಚೂರು ತಡವರಿಸುದಿಲ್ಲ!"

"ಮಾತಾಡ್ಬೇಡಿ, ತಿರುವು ಬಂತು. ಗಟ್ಟಿ ಹಿಡ್ಕೊಳ್ಳಿ," ಎಂದಳು ಅತ್ತಿಗೆ.

ಅಣ್ಣ ಹಿಡಿದುಕೊಂಡ.