ಅತ್ತೆ ಹೇಳಿಟ್ಟ ಊಟ

ಅತ್ತೆಗೆ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನಮ್ಮ ಜಯನಗರದ ಮನೆಯಲ್ಲಿ ಎಲ್ಲರೂ ಕಳ್ಳರ ಹಾಗೆ ಊಟ ಮಾಡತೊಡಗಿದೆವು. ಅವಳ ಗಂಟಲಿನಲ್ಲಿ ನೀರೂ ಇಳಿಯುತ್ತಿರಲಿಲ್ಲ. ಡಾಕ್ಟರು ಹೊಟ್ಟೆಗೆ ತೂತು ಮಾಡಿ ಕೂರಿಸಿದ್ದ ರಬ್ಬರ್ ಕೊಳವೆಯಲ್ಲಿ ಅಮ್ಮ ಗಂಜಿ ತಿಳಿ ಸುರಿಯುತ್ತಿದ್ದಳು. ಅಂಥವಳ ಎದುರಿಗೆ ಹೇಗೆ ತಿನ್ನುವುದು ಎಂದು ಅಡಿಗೆಮನೆಯ ಬಾಗಿಲು ಹಾಕಿಕೊಂಡು, ತಟ್ಟೆ ಸದ್ದಾಗದಂತೆ ಉಂಡು, ಬಾಯಿ ಒರೆಸಿಕೊಂಡು ಹೊರಗೆ ಬರುತ್ತಿದ್ದೆವು. ಒಗ್ಗರಣೆಯ ವಾಸನೆಗೆ ಯಾವ ಬಾಗಿಲು? ಅತ್ತೆಗೆ ಹಸಿವು ಮಾತ್ರ ಮೊದಲಿನಷ್ಟೇ ಇತ್ತು.

ಅವಳು ಅಪ್ಪನ ಅಕ್ಕ. ಗಂಡ ಬಿಟ್ಟ ಮೇಲೆ ಉತ್ತರಹಳ್ಳಿಯಿಂದ ಬಂದು ನಮ್ಮ ಜೊತೆಗೇ ಉಳಿದವಳು. ತಾಯಿಯಿಲ್ಲದ ಅಪ್ಪನನ್ನು ಸಾಕಿದವಳೂ ಅವಳೇ. ಅವನಿಗೂ, ಆಮೇಲೆ ನನಗೂ, ಮುದ್ದೆ ನುಂಗುವುದನ್ನು ಕಲಿಸಿದ್ದಳು. "ಅಗೀಬೇಡ. ಸಾರಲ್ಲಿ ಹೊರಳಿಸಿ ನುಂಗು, ಗಂಟಲಿಗೆ ಗೊತ್ತು ದಾರಿ" ಎನ್ನುತ್ತಿದ್ದಳು. ಅಂಥ ಗಂಟಲಿಗೇ ಬಂತು. ದೇವರ ಮೇಲೆ ಆಗ ಹುಟ್ಟಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಒಂದು ದಿನ ಸಿದ್ದಾಪುರದ ಮೇಷ್ಟ್ರನ್ನು ಕರೆಸಿ ಎಂದಳು. ಪುರೋಹಿತರಿಲ್ಲದೆ, ಹುಡುಗ ಹುಡುಗಿಯ ಬಾಯಿಂದಲೇ ನಾಲ್ಕು ಮಾತು ಹೇಳಿಸಿ ಮದುವೆ ಮಾಡಿಸುತ್ತಿದ್ದ ರಿಟೈರ್ಡ್ ಮೇಷ್ಟ್ರು ಅವರು. ಬಂದು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

"ನನ್ನ ಸಾವು ನೀವೇ ಮಾಡಿಸ್ಕೊಡ್ಬೇಕು ಮೇಷ್ಟ್ರೆ" ಎಂದಳು ಅತ್ತೆ.

ಅವರು ಗಾಬರಿಯಾದರು. "ಮದುವೆ ಮಾಡ್ಸಿ ಗೊತ್ತು ಕಣಮ್ಮ. ಇದು ಗೊತ್ತಿಲ್ಲ."

"ಮದುವೇಲಿ ಊಟ ಹಾಕ್ಸಲ್ವಾ? ಹಂಗೇ. ಶಂಖ ಜಾಗಟೆ ಬೇಡ. ಬಾಯಿಗೆ ಅಕ್ಕಿ ಹಾಕೋದೂ ಬೇಡ, ಇಳೀದೆ ಇರೋ ಗಂಟಲಿಗೆ ಅದ್ಯಾಕೆ? ಬಾಗಿಲು ತೆಗೆದು ಒಲೆ ಹಚ್ಲಿ. ಮುದ್ದೆ, ಅವರೆಕಾಳು ಸಾರು. ಎಲ್ಲಾರೂ ನನ್ನ ಮುಂದೆ ಕೂತು ಉಣ್ಬೇಕು. ಆಮೇಲೆ ಎತ್ಲಿ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಎತ್ತುವ ತನಕ ಯಾರೂ ತುತ್ತು ಮುಟ್ಟುವುದಿಲ್ಲ. ಅತ್ತೆಗೆ ಅದು ಗೊತ್ತಿಲ್ಲದ್ದೇನಲ್ಲ. "ಇಷ್ಟು ದಿನ ಕದ ಹಾಕ್ಕೊಂಡು ತಿಂದ್ರಲ್ಲ, ಅದೊಂದು ನಂಗೆ ತಡಕೊಳ್ಳೋಕಾಗ್ಲಿಲ್ಲ. ಒಂದ್ಸಲ ನಿಮ್ ಜೊತೆ ಪಂಕ್ತೀಲಿ ಇದ್ದಂಗಾಗ್ಲಿ" ಎಂದಳು.

ಮೇಷ್ಟ್ರು ಅಪ್ಪನ ಕಡೆ ತಿರುಗಿದರು. "ಮಾತು ನಾನು ಆಡ್ತೀನಿ. ಮೊದಲ ತುತ್ತು ನಿಮ್ದು. ನೀವು ಉಣ್ಣದೆ ಯಾರೂ ಉಣ್ಣಲ್ಲ."

"ಮಾಡ್ತೀಯೇನೋ?" ಎಂದು ಅತ್ತೆ ಕೇಳಿದಳು. ಅಪ್ಪ ಅವಳ ಕಾಲು ಹಿಡಿದುಕೊಂಡು ತಲೆಯಾಡಿಸಿದ.

ಮಾರನೆಯ ದಿನದಿಂದ ಅಮ್ಮ ಅಡಿಗೆಮನೆಯ ಬಾಗಿಲು ತೆರೆದೇ ಇಟ್ಟಳು. ಆದರೆ ಅಷ್ಟರಲ್ಲಿ ಅತ್ತೆಗೆ ಪ್ರಜ್ಞೆ ತಪ್ಪಿತ್ತು. ಆ ವಾರವೇ ಹೋದಳು.

ಅವಳನ್ನು ನಡುಮನೆಯಲ್ಲಿ ಮಲಗಿಸಿ ಅಮ್ಮ ಅಳುತ್ತಲೇ ಸೀಮೆಎಣ್ಣೆ ಸ್ಟೌ ಹಚ್ಚಿದಳು. ಸಾರಿನ ವಾಸನೆ ಬೀದಿಗೆ ಹೋಯಿತು. ಉತ್ತರಹಳ್ಳಿಯಿಂದ ಬಂದಿದ್ದ ಅಪ್ಪನ ಚಿಕ್ಕಪ್ಪ, "ಹೆಣ ಇಟ್ಕೊಂಡು ಹಬ್ಬ ಮಾಡ್ತಿದೀರೇನ್ರೋ?" ಎಂದು ಕೂಗಾಡಿ ಹೊಸ್ತಿಲ ಹೊರಗೇ ನಿಂತುಬಿಟ್ಟರು.

ಮೇಷ್ಟ್ರು ಅತ್ತೆಯ ತಲೆಯ ಹತ್ತಿರ ನಿಂತರು. "ಈ ತಾಯಿ ಎಷ್ಟೋ ತಿಂಗಳಿಂದ ಉಂಡಿಲ್ಲ. ನೀವೆಲ್ಲ ಉಣ್ಣೋದನ್ನ ನೋಡ್ಬೇಕು ಅಂತ ಆಸೆಪಟ್ರು. ಇದೇ ಇವರ ಮಂತ್ರ, ಇದೇ ಇವರ ಶಾಸ್ತ್ರ. ಕೂತ್ಕೊಳ್ಳಿ" ಎಂದರು.

ತಟ್ಟೆಗಳು ಬಂದವು. ಅಪ್ಪ ಅಕ್ಕನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಎಲ್ಲರ ಕಣ್ಣೂ ಅವನ ಮೇಲಿತ್ತು. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ. ಅದನ್ನು ಕಂಡು ಒಬ್ಬೊಬ್ಬರೇ ತಟ್ಟೆಗೆ ಕೈ ಹಾಕಿದರು. ಕೊನೆಗೆ ಹೊರಗೆ ನಿಂತಿದ್ದ ಆ ಚಿಕ್ಕಪ್ಪನೂ ಕೈ ತೊಳೆದುಕೊಂಡು ಒಳಗೆ ಬಂದು ಕೂತರು. ನನ್ನ ತುತ್ತೂ ಎದೆ ಸುಡುತ್ತ ಇಳಿಯಿತು.

ಅಪ್ಪನದು ಮಾತ್ರ ಇಳಿಯಲಿಲ್ಲ. ನಾನು ಬಗ್ಗಿ, "ನುಂಗಪ್ಪ" ಎಂದೆ. ಅವನು ಅಕ್ಕನ ಮುಖ ನೋಡುತ್ತ ಇಲ್ಲವೆಂದು ತಲೆಯಾಡಿಸಿದ. ಉಗಿಯಲೂ ಇಲ್ಲ. ಹಾಗೇ ಎದ್ದು ಚಟ್ಟಕ್ಕೆ ಹೆಗಲು ಕೊಟ್ಟ. ಬನಶಂಕರಿಯ ಸ್ಮಶಾನದಲ್ಲಿ ಕೊಳ್ಳಿ ಇಡುವಾಗಲೂ ಅವನ ಕೆನ್ನೆ ಉಬ್ಬಿಯೇ ಇತ್ತು.